ಕೀಷೋನ್ ಹೊಳೆಯ ದಂಡೆಯಲ್ಲಿ: ಮೇಜರ್ ದಲಪತ್ ಸಿಂಗ್ ಮತ್ತು ಮೈಸೂರಿನ ರಾವುತರು

ಸ್ನೇಹಿತರೆ,

ಕುದುರೆಯ ಮೇಲೆ ಕುಳಿತು ಕಾದುವವನಿಗೆ ಕನ್ನಡದಲ್ಲಿ ರಾವುತ ಎಂಬ ಹಳೆಯ ಹೆಸರಿದೆ. ಆನೆಯವನು ಮಾವುತ, ಕುದುರೆಯವನು ರಾವುತ. ಮಾವುತರನ್ನು ನಾವು ವರ್ಷಕ್ಕೊಮ್ಮೆಯಾದರೂ ದಸರೆಯ ಹೊತ್ತಿಗೆ ನೆನೆಯುತ್ತೇವೆ. ರಾವುತರು ಮಾತ್ರ ಊರಾಚೆಯ ವೀರಗಲ್ಲುಗಳಲ್ಲಿ, ಅರ್ಧ ಹೂತುಹೋದ ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಉಳಿದುಕೊಂಡಿದ್ದಾರೆ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ, ಅಂದರೆ ನಾವೆಲ್ಲ ಜೆ.ಸಿ. ನಗರ ಎಂದು ಕರೆಯುವ ಬಡಾವಣೆಯಲ್ಲಿ, ರಾವುತರ ಕೊನೆಯ ವೀರಗಲ್ಲು ಇದೆ ಎಂದು ನಾನು ಹೇಳುವುದುಂಟು. ಅಲ್ಲಿ ಅಪ್ಸರೆಯರಿಲ್ಲ, ಕೈಲಾಸವಿಲ್ಲ; ಮೊದಲನೆಯ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ತೀನ್‌ಗಳಲ್ಲಿ ಕಾದಾಡಿ ಮಡಿದ ಮೈಸೂರು ಲ್ಯಾನ್ಸರ್ಸ್ ಎಂಬ ಭರ್ಜಿ ಹಿಡಿದ ಕುದುರೆ ಪಡೆಯವರ ಹೆಸರುಗಳಿವೆ.

ಇಂದು ನಾನು ಮಾತನಾಡಬೇಕೆಂದುಕೊಂಡಿರುವುದು ಆ ಕಲ್ಲಿನ ಮೇಲೆ ಹೆಸರಿಲ್ಲದ ಒಬ್ಬರ ಬಗ್ಗೆ. ಅವರು ಮೈಸೂರಿನವರಲ್ಲ, ಮಾರವಾಡದವರು. ಜೋಧಪುರ ಸಂಸ್ಥಾನದ ಅಶ್ವದಳದ ಮೇಜರ್ ದಲಪತ್ ಸಿಂಗ್. 1918ರ ಸೆಪ್ಟೆಂಬರ್ 23ರಂದು, ಇಂದಿನ ಇಸ್ರೇಲಿನಲ್ಲಿರುವ ಹೈಫಾ ಎಂಬ ಬಂದರು ಪಟ್ಟಣದ ಹೊರಗೆ, ತಮ್ಮ 26ನೆಯ ವಯಸ್ಸಿನಲ್ಲಿ ಅವರು ಗುಂಡೇಟಿಗೆ ಸಿಕ್ಕರು. ಅವರ ಕಥೆಯನ್ನು ಕನ್ನಡದಲ್ಲಿ ಏಕೆ ಹೇಳಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಸರಳವಾಗಿದೆ. ಅವರು ಬಯಲಿನಲ್ಲಿ ಕುದುರೆಯನ್ನು ಓಡಿಸಿದ ಅದೇ ಗಳಿಗೆಯಲ್ಲಿ, ಅವರ ಎಡಗಡೆಯ ಬೆಟ್ಟದ ನೆತ್ತಿಯ ಮೇಲೆ ಮೈಸೂರಿನ ಹದಿನೈದು ಮಂದಿ ರಾವುತರು ತೋಪುಗಳ ಮೇಲೆ ಎರಗುತ್ತಿದ್ದರು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಎರಡೂ ಅರ್ಧವಾಗುತ್ತವೆ. ಹೈಫಾದ ಕಥೆ ಈಗ ವರ್ಷಕ್ಕೊಮ್ಮೆ ಸುದ್ದಿಯಾಗುತ್ತದೆ. ಆದರೆ ಅದು ಒಂದು ಗಂಟೆಯ ಕಥೆಯಾಗಿ, ಒಬ್ಬ ವೀರನ ಕಥೆಯಾಗಿ ಕುಗ್ಗಿಹೋಗಿದೆ. ಆ ಒಂದು ಗಂಟೆಗೆ ಮುಂಚಿನ ನಾಲ್ಕು ವರ್ಷಗಳನ್ನೂ ಆ ಗಂಟೆಯೊಳಗಿನ ಲೆಕ್ಕಾಚಾರವನ್ನೂ ಸ್ವಲ್ಪ ಬಿಡಿಸಿ ನೋಡೋಣ.

ದಲಪತ್ ಸಿಂಗ್ ಹುಟ್ಟಿದ್ದು 1892ರಲ್ಲಿ. ತಂದೆ ಹರಿ ಸಿಂಗ್ ಅವರು ಪೋಲೊ ಆಟದಲ್ಲಿ ಆ ಕಾಲಕ್ಕೆ ದೇಶದಾಚೆಗೂ ಹೆಸರು ಮಾಡಿದ್ದವರು. ಜೋಧಪುರದ ಆಡಳಿತವನ್ನು ದೀರ್ಘಕಾಲ ನಡೆಸಿದ ಸರ್ ಪ್ರತಾಪ್ ಸಿಂಗ್ ಅವರಿಗೆ ತೀರಾ ಆಪ್ತರು. ಹೀಗಾಗಿ ಹುಡುಗ ಬೆಳೆದದ್ದು ಪ್ರತಾಪ್ ಸಿಂಗ್ ಅವರ ನೆರಳಿನಲ್ಲಿ, ಕುದುರೆ ಲಾಯದ ವಾಸನೆಯ ನಡುವೆ. ಓದಲು ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಮೊಣಕಾಲಿನ ಮೇಲೆ ಸಡಿಲವಾಗಿ, ಕೆಳಗೆ ಬಿಗಿಯಾಗಿ ಹೊಲಿದ ಸವಾರಿಯ ಷರಾಯಿಗೆ ಜಗತ್ತಿನಾದ್ಯಂತ ಜೋಧಪುರದ ಹೆಸರು ಬಂದಿದೆಯಲ್ಲ, ಅದನ್ನು ಲಂಡನ್ನಿನವರಿಗೆ ಪರಿಚಯಿಸಿದ ಕೀರ್ತಿ ಈ ಪ್ರತಾಪ್ ಸಿಂಗ್ ಅವರದೇ ಎನ್ನುತ್ತಾರೆ. ಯುದ್ಧ ಶುರುವಾದಾಗ ಅವರಿಗೆ ಸುಮಾರು 69 ವರ್ಷ. ಆ ವಯಸ್ಸಿನಲ್ಲಿ ಅವರೂ ಸಮವಸ್ತ್ರ ತೊಟ್ಟು ಪಡೆಯೊಂದಿಗೆ ಹಡಗು ಹತ್ತಿದರು. ಅಂಥ ಹಿರಿಯರ ಕಣ್ಣೆದುರು ಬೆಳೆದ ಹುಡುಗನಿಗೆ ಬೇರೆ ದಾರಿ ಇತ್ತೇ ಎಂಬುದು ನನಗೆ ಆಗಾಗ ಕಾಡುವ ಪ್ರಶ್ನೆ.

ಇಲ್ಲಿ ಪಡೆಯ ಬಗೆಯನ್ನು ಕುರಿತು ಒಂದೆರಡು ಮಾತು ಅಗತ್ಯ. ದಲಪತ್ ಸಿಂಗ್ ಬ್ರಿಟಿಷ್ ಭಾರತೀಯ ಸೇನೆಯವರಲ್ಲ. 1880ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ ದೇಶೀಯ ಸಂಸ್ಥಾನಗಳೊಂದಿಗೆ ಒಂದು ಏರ್ಪಾಟು ಮಾಡಿಕೊಂಡಿತು: ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಪಡೆ ಕಟ್ಟಬೇಕು, ತರಬೇತಿಯನ್ನು ಬ್ರಿಟಿಷ್ ಅಧಿಕಾರಿಗಳು ಪರಿಶೀಲಿಸಬೇಕು, ಸಾಮ್ರಾಜ್ಯಕ್ಕೆ ಯುದ್ಧ ಬಂದಾಗ ಆ ಪಡೆಯನ್ನು ಒದಗಿಸಬೇಕು. ಇವುಗಳಿಗೆ ಇಂಪೀರಿಯಲ್ ಸರ್ವಿಸ್ ಪಡೆಗಳೆಂಬ ಹೆಸರಾಯಿತು. ಜೋಧಪುರದ ಅಶ್ವದಳ, ಅಂದರೆ ಸರ್ದಾರ್ ರಿಸಾಲಾ, 1889ರಲ್ಲಿ ಹುಟ್ಟಿದ್ದು ಹೀಗೆ. ಮೈಸೂರಿನ ಹಳೆಯ ಸಿಲ್ಲೇದಾರ್ ಕುದುರೆ ಪಡೆಯಿಂದ, ಅಂದರೆ ಸವಾರರು ತಮ್ಮದೇ ಕುದುರೆ ತರುತ್ತಿದ್ದ ಪಡೆಯಿಂದ, ಮೈಸೂರು ಲ್ಯಾನ್ಸರ್ಸ್ ರೂಪುಗೊಂಡದ್ದೂ ಹೀಗೆಯೇ. ಬ್ರಿಟಿಷ್ ಭಾರತೀಯ ಸೇನೆಯಲ್ಲಿ ಭಾರತೀಯನೊಬ್ಬ ಎಷ್ಟೇ ವರ್ಷ ದುಡಿದರೂ ಹೊಸದಾಗಿ ಬಂದ ಆಂಗ್ಲ ಲೆಫ್ಟಿನೆಂಟಿಗಿಂತ ಕೆಳಗೇ ಉಳಿಯುತ್ತಿದ್ದ ಕಾಲ ಅದು. ಸಂಸ್ಥಾನಗಳ ಪಡೆಯಲ್ಲಿ ಮಾತ್ರ ತುಕಡಿಯನ್ನೂ ಇಡೀ ರೆಜಿಮೆಂಟನ್ನೂ ಭಾರತೀಯರೇ ನಡೆಸುತ್ತಿದ್ದರು. ಜೊತೆಗೆ ಒಬ್ಬಿಬ್ಬರು ಬ್ರಿಟಿಷ್ ಅಧಿಕಾರಿಗಳು ಸಲಹೆಗೆಂದು, ಯುದ್ಧದಲ್ಲಿ ಸಲಹೆಗಿಂತ ಹೆಚ್ಚಿನದಕ್ಕೆಂದು ಇರುತ್ತಿದ್ದರು. ಮೈಸೂರಿನವರಂತೂ ರೆಜಿಮೆಂಟಿನ ಮುಖ್ಯಸ್ಥರಿಗೆ ರೆಜಿಮೆಂಟುದಾರ್ ಎಂಬ ಸೊಗಸಾದ ಮಿಶ್ರ ಪದವನ್ನೇ ಬಳಸುತ್ತಿದ್ದರು. ದಲಪತ್ ಸಿಂಗ್ ಇಪ್ಪತ್ತರ ಹರೆಯದಲ್ಲೇ ಮೇಜರ್ ಆದದ್ದು ಈ ವ್ಯವಸ್ಥೆಯೊಳಗೆ.

1914ರಲ್ಲಿ ಎರಡೂ ಪಡೆಗಳು ದೇಶ ಬಿಟ್ಟವು, ಆದರೆ ಬೇರೆ ಬೇರೆ ದಿಕ್ಕಿಗೆ. ಜೋಧಪುರದವರು ಫ್ರಾನ್ಸಿಗೆ ಹೋದರು. ಮೈಸೂರಿನವರು ಬೆಂಗಳೂರಿನಿಂದ ಹೊರಟು, ಬೊಂಬಾಯಿಯಲ್ಲಿ ಹಡಗು ಹತ್ತಿ, ಈಜಿಪ್ಟಿಗೆ ಹೋದರು.

ಫ್ರಾನ್ಸಿನಲ್ಲಿ ಜೋಧಪುರದ ಅಶ್ವದಳ ಸಿಕಂದರಾಬಾದ್ ಬ್ರಿಗೇಡಿನೊಂದಿಗೆ ಸೇರಿತು. ಭರ್ಜಿ ಹಿಡಿದು ಶತ್ರುವಿನ ಮೇಲೆ ನುಗ್ಗುವ ಕನಸು ಹೊತ್ತು ಹೋದವರಿಗೆ ಅಲ್ಲಿ ಎದುರಾದದ್ದು ಮುಳ್ಳುತಂತಿ, ಕೆಸರು ಮತ್ತು ಕಂದಕ. ಕುದುರೆಗಳನ್ನು ಹಿಂದಿನ ಹಳ್ಳಿಗಳಲ್ಲಿ ಕಟ್ಟಿಹಾಕಿ, ಸರದಿಯ ಮೇಲೆ ಕಾಲಾಳುಗಳಂತೆ ಕಂದಕಕ್ಕೆ ಇಳಿಯಬೇಕು. ಸರದಿ ಮುಗಿದ ಮೇಲೆ ಮತ್ತೆ ಬಂದು ಕುದುರೆಗೆ ಮಾಲೀಸು ಮಾಡಬೇಕು, ಜೀನು ಒರೆಸಬೇಕು, ಲಾಳ ನೋಡಬೇಕು. ದೊಡ್ಡ ದಾಳಿಯೊಂದು ನಡೆದಾಗಲೆಲ್ಲ ಶತ್ರುವಿನ ಸಾಲು ಬಿರುಕುಬಿಟ್ಟರೆ ನುಗ್ಗಲೆಂದು ಅಶ್ವದಳಗಳನ್ನು ಜೀನು ಬಿಗಿಸಿ ನಿಲ್ಲಿಸುತ್ತಿದ್ದರು. ಬಿರುಕು ಬೀಳುತ್ತಿರಲಿಲ್ಲ, ಸಂಜೆ ಜೀನು ಬಿಚ್ಚುತ್ತಿದ್ದರು. ಹೀಗೆ ಮೂರು ಚಳಿಗಾಲ. 1917ರ ಕೊನೆಯಲ್ಲಿ ಕಾಂಬ್ರೆಯ ಕದನದಲ್ಲಿ ಅಶ್ವದಳಕ್ಕೆ ಸ್ವಲ್ಪ ಕೆಲಸ ಸಿಕ್ಕಿತು, ಅದೂ ಬಹುಪಾಲು ನೆಲದ ಮೇಲೆ ನಿಂತು. ಈ ಕಾಲವನ್ನು ವೀರಗಾಥೆಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಆದರೆ ದಲಪತ್ ಸಿಂಗ್ ಅವರ ಸೈನಿಕ ಜೀವನದ ಬಹುಭಾಗ ಕಳೆದದ್ದು ಹೀಗೆ ಜೀನು ಬಿಗಿಯುತ್ತ, ಬಿಚ್ಚುತ್ತ. ಕುದುರೆಯ ಬೆನ್ನ ಮೇಲೆ ಶತ್ರುವನ್ನು ಎದುರಿಸಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು.

ಅತ್ತ ಮೈಸೂರಿನವರ ಪಾಲಿಗೆ ಬಂದದ್ದು ಮರಳು. ಸುಮಾರು ಐನೂರು ಮಂದಿ, ಅದಕ್ಕೆ ತುಸು ಹೆಚ್ಚಿನ ಕುದುರೆಗಳು. ಸೂಯೆಜ್ ಕಾಲುವೆಯ ದಂಡೆಯಲ್ಲಿ ಪಹರೆ. 1915ರ ಫೆಬ್ರವರಿಯಲ್ಲಿ, ಜರ್ಮನಿಯ ಕಡೆ ಸೇರಿದ್ದ ತುರ್ಕಿಯ ಸೈನ್ಯ ಸಿನಾಯಿ ಮರುಭೂಮಿಯನ್ನು ದಾಟಿ ಕಾಲುವೆಯ ಮೇಲೆ ದಾಳಿ ಮಾಡಿ ಹಿಮ್ಮೆಟ್ಟಿತು. ಆಮೇಲೆ ವರ್ಷಗಟ್ಟಲೆ ಗಸ್ತು, ಒಂಟೆ ಸವಾರರ ಬೆನ್ನಟ್ಟುವಿಕೆ, ನೀರಿನ ಬಾವಿಗಳ ಕಾವಲು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ಆರಂಭದಲ್ಲೇ 50 ಲಕ್ಷ ರೂಪಾಯಿಗಳನ್ನು ಕೊಟ್ಟದ್ದು ಎಲ್ಲ ಇತಿಹಾಸಗಳಲ್ಲೂ ಬರುತ್ತದೆ. ಪಡೆಯೊಂದಿಗೆ ಅವರ ಮನೆಯವರೇ ಹೋದದ್ದು ಅಷ್ಟಾಗಿ ಬರುವುದಿಲ್ಲ. ಈಜಿಪ್ಟಿನಲ್ಲಿ ಮೈಸೂರಿನ ಪರವಾಗಿದ್ದ ಹಿರಿಯ ಅಧಿಕಾರಿ ಕರ್ನಲ್ ದೇಸರಾಜ ಅರಸರು ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಪತಿ. ಮೈಸೂರಿನವರಿಗೆ ಪಿ.ಕೆ. ಸ್ಯಾನಟೋರಿಯಂ ಗೊತ್ತಿರುತ್ತದೆ, ಕ್ಷಯಕ್ಕೆ ಬಲಿಯಾದ ಆ ರಾಜಕುಮಾರಿಯ ನೆನಪಿಗೇ ಕಟ್ಟಿಸಿದ ಆಸ್ಪತ್ರೆ ಅದು. ಅವರ ಹೆಣ್ಣುಮಕ್ಕಳನ್ನೂ ಅದೇ ಕಾಯಿಲೆ ಒಯ್ದಿತ್ತು. ಮನೆ ಬರಿದಾದ ಕೆಲವೇ ಕಾಲದಲ್ಲಿ ಆ ಮನುಷ್ಯ ಮರುಭೂಮಿಗೆ ಹೋಗಿ ಕುಳಿತರು. ವಿಷಯಾಂತರವೆನಿಸಬಹುದು, ಆದರೆ ಹೆಸರುಗಳ ಹಿಂದೆ ಮನೆಗಳಿದ್ದವು ಎಂಬುದು ನೆನಪಿರಲೆಂದು ಹೇಳಿದೆ.

1918ರ ಆರಂಭದಲ್ಲಿ ಭಾರತೀಯ ಅಶ್ವದಳಗಳನ್ನು ಫ್ರಾನ್ಸಿನಿಂದ ಬಿಡಿಸಿ ಈಜಿಪ್ಟಿಗೆ ತಂದರು. ಅಲ್ಲಿನ ಬ್ರಿಟಿಷ್ ಸೇನಾಪತಿ ಜನರಲ್ ಅಲೆನ್‌ಬಿ ಅದಾಗಲೇ ಜೆರುಸಲೇಮನ್ನು ಹಿಡಿದಿದ್ದರು. ಮುಂದಿನ ಹೆಜ್ಜೆಗೆ ಅವರಿಗೆ ಕುದುರೆಗಳು ಬೇಕಾಗಿದ್ದವು, ಏಕೆಂದರೆ ಪ್ಯಾಲೆಸ್ತೀನಿನ ಬಯಲಿನಲ್ಲಿ ಫ್ರಾನ್ಸಿನಲ್ಲಿದ್ದಂತೆ ಸಮುದ್ರದಿಂದ ಪರ್ವತದವರೆಗೆ ಒತ್ತೊತ್ತಾದ ಕಂದಕಗಳಿರಲಿಲ್ಲ. ಜೋಧಪುರ, ಮೈಸೂರು, ಹೈದರಾಬಾದು ಈ ಮೂರು ಸಂಸ್ಥಾನಗಳ ಲ್ಯಾನ್ಸರ್‌ಗಳು ಒಂದೇ ಬ್ರಿಗೇಡಿನಲ್ಲಿ, 15ನೆಯ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನಲ್ಲಿ, ಸೇರಿದರು. ಬ್ರಿಗೇಡಿಯರ್ ಜನರಲ್ ಹಾರ್ಬರ್ಡ್ ಅದರ ಮುಖ್ಯಸ್ಥರು. ಕೆಸರಿನಲ್ಲಿ ಮೂರು ವರ್ಷ ಕಳೆದವರೂ ಮರಳಿನಲ್ಲಿ ಮೂರು ವರ್ಷ ಕಳೆದವರೂ ಭೇಟಿಯಾದದ್ದು ಹೀಗೆ.

ಅವರ ಮೊದಲ ಬಿಡಾರ ಜೋರ್ಡಾನ್ ಕಣಿವೆ. ಮೃತ ಸಮುದ್ರದ ಬದಿಯ ಆ ತಗ್ಗು ಸಮುದ್ರಮಟ್ಟಕ್ಕಿಂತ ಸಾವಿರ ಅಡಿಗೂ ಹೆಚ್ಚು ಕೆಳಗಿದೆ. ಬೇಸಿಗೆಯಲ್ಲಿ ಗಾಳಿ ಕದಲುವುದಿಲ್ಲ, ಧೂಳು ಮಾತ್ರ ಕದಲುತ್ತದೆ, ಹೊಳೆಯ ಬದಿಯ ಜೌಗಿನಲ್ಲಿ ಮಲೇರಿಯಾದ ಸೊಳ್ಳೆಗಳು. ಜುಲೈ 14ರಂದು ಜರ್ಮನ್ನರೂ ತುರ್ಕರೂ ಕಣಿವೆಯಲ್ಲಿ ದಾಳಿ ಮಾಡಿದರು. ಜೋರ್ಡಾನ್ ನದಿಯ ಪೂರ್ವಕ್ಕೆ, ಹೆನು ಎಂಬ ಹಾಯ್ಗಡದ ಆಚೆ, ತುರ್ಕಿಯ ಕುದುರೆ ಪಡೆ ಬಂದು ನಿಂತಿತ್ತು. ಜೋಧಪುರ ಮತ್ತು ಮೈಸೂರಿನ ರಾವುತರು ನದಿ ದಾಟಿ ಅದರ ಮೇಲೆ ಬಿದ್ದರು. ಆ ಗದ್ದಲದಲ್ಲಿ ದಲಪತ್ ಸಿಂಗ್ ಅವರು ತಮ್ಮ ಕಹಳೆಯವನೊಬ್ಬನನ್ನೇ ಜೊತೆಗಿಟ್ಟುಕೊಂಡು ಮರೆಯಲ್ಲಿದ್ದ ಮೆಷಿನ್‌ಗನ್ನಿನ ಮೇಲೆ ಕುದುರೆ ನುಗ್ಗಿಸಿ, ಅದನ್ನು ನಡೆಸುತ್ತಿದ್ದವರನ್ನು ಕೊಂದು, ಚದುರಿಸಿ, ಗನ್ನನ್ನು ವಶಪಡಿಸಿಕೊಂಡರು. ತುರ್ಕಿಯ ರೆಜಿಮೆಂಟೊಂದರ ಮುಖ್ಯಸ್ಥನೂ ಅವರ ಕೈಗೆ ಸೆರೆಸಿಕ್ಕ. ಅವರಿಗೆ ಮಿಲಿಟರಿ ಕ್ರಾಸ್ ಪದಕ ಬಂದದ್ದು ಈ ಕೆಲಸಕ್ಕೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಪದಕ ಹೈಫಾಕ್ಕೆ ಬಂದದ್ದೆಂದು ಈಗ ಬಹಳ ಕಡೆ ಬರೆಯುತ್ತಾರೆ. ಹೈಫಾದಲ್ಲಿ ಅವರು ಬಿದ್ದರು, ಪದಕ ಗಳಿಸಿದ್ದು ಅದಕ್ಕೂ ಎರಡು ತಿಂಗಳು ಮೊದಲು, ಜೋರ್ಡಾನಿನ ಆಚೆ ದಡದಲ್ಲಿ.

ಸೆಪ್ಟೆಂಬರ್ 19ರ ಬೆಳಗಿನ ಜಾವ ಅಲೆನ್‌ಬಿ ಕಡಲತೀರದ ಶಾರೋನ್ ಬಯಲಿನಲ್ಲಿ ತುರ್ಕಿಯ ಸಾಲನ್ನು ಒಡೆದರು. ಫ್ರಾನ್ಸಿನಲ್ಲಿ ಮೂರು ವರ್ಷ ಕಾದರೂ ಬೀಳದ ಬಿರುಕು ಇಲ್ಲಿ ಒಂದೇ ಮುಂಜಾನೆಯಲ್ಲಿ ಬಿತ್ತು. ಆ ಬಿರುಕಿನಲ್ಲಿ ಮೂರು ಅಶ್ವ ಡಿವಿಷನ್‌ಗಳು ಹರಿದುಹೋದವು. ನಮ್ಮವರಿದ್ದ 5ನೆಯ ಕ್ಯಾವಲ್ರಿ ಡಿವಿಷನ್ ಕಡಲಂಚಿನಲ್ಲಿ ಉತ್ತರಕ್ಕೆ ಓಡಿ, ರಾತ್ರಿಯಿಡೀ ಕಾರ್ಮೆಲ್ ಬೆಟ್ಟಸಾಲಿನ ಕಲ್ಲುಹಾದಿಯನ್ನು ಹತ್ತಿ ಇಳಿದು, ಆಚೆ ಬದಿಯ ಎಸ್ಡ್ರೆಲಾನ್ ಬಯಲನ್ನು ಮುಟ್ಟಿತು. ಅದರ ಮುಂಚೂಣಿಯ ಬ್ರಿಗೇಡು 20ರ ಬೆಳಿಗ್ಗೆ ನಜರೇತಿನೊಳಗೆ ನುಗ್ಗಿದಾಗ ತುರ್ಕಿ ಸೇನೆಯ ಜರ್ಮನ್ ಸೇನಾಪತಿ ಲೀಮನ್ ಫಾನ್ ಸಾಂಡರ್ಸ್ ಕೂದಲೆಳೆಯಲ್ಲಿ ತಪ್ಪಿಸಿಕೊಂಡ. ಕುದುರೆಗಳಿಗೆ ನೀರು ಸಿಕ್ಕಿದ್ದು ಅಲ್ಲೊಮ್ಮೆ ಇಲ್ಲೊಮ್ಮೆ. ಲಾಳ ಕಳಚಿದವು, ಕುಂಟಿದವು ಹಿಂದುಳಿದವು. ಕುದುರೆಗೆ ಹೊತ್ತಿಗೆ ಸರಿಯಾಗಿ ಹುರುಳಿ ಬೇಯಿಸಿ ಹಾಕಿದವರಿಗೆ ಮಾತ್ರ ಗೊತ್ತಾಗುವ ಕಷ್ಟ ಇದು. ಈ ಕುಂಟು ಕುದುರೆಗಳ ಸಂಗತಿ ಮುಂದೆ ಕಾರ್ಮೆಲಿನ ನೆತ್ತಿಯ ಮೇಲೆ ಮತ್ತೆ ಬರುತ್ತದೆ.

ಸೈನ್ಯ ಇಷ್ಟು ವೇಗವಾಗಿ ಮುಂದೆ ಹೋದಾಗ ರೊಟ್ಟಿ, ದಾಣಿ, ಮದ್ದುಗುಂಡು ಹಿಂದೆ ಬೀಳುತ್ತವೆ. ಅವನ್ನು ಹಡಗಿನಲ್ಲಿ ತಂದಿಳಿಸಲು ಬಂದರು ಬೇಕು. ಹತ್ತಿರದ ಬಂದರು ಹೈಫಾ. ಅಲ್ಲಿಂದ ತುರ್ಕರು ಕಾಲ್ತೆಗೆದಿದ್ದಾರೆಂದು ವಿಮಾನದಿಂದ ನೋಡಿದವರು ವರದಿ ಮಾಡಿದರು. 22ರಂದು ಕವಚ ಹೊದಿಸಿದ ಮೋಟಾರುಗಾಡಿಗಳ ಸಣ್ಣ ಗುಂಪೊಂದು ಊರನ್ನು ವಶಕ್ಕೆ ತೆಗೆದುಕೊಳ್ಳಲು ಹೋಯಿತು. ತೋಪಿನ ಏಟು ತಿಂದು ಹಿಂದೆ ಬಂತು. ವರದಿ ಸುಳ್ಳಾಗಿತ್ತು. ಮರುದಿನ ಕುದುರೆಗಳನ್ನು ಕಳುಹಿಸಲು ತೀರ್ಮಾನವಾಯಿತು.

ಆ ಜಾಗದ ನಕ್ಷೆಯನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳದೆ ಮುಂದಿನದು ಅರ್ಥವಾಗದು, ಹಾಗಾಗಿ ಸ್ವಲ್ಪ ತಾಳ್ಮೆ ಬೇಕು. ನಾವು ಆಗ್ನೇಯದಿಂದ ಹೈಫಾದ ಕಡೆಗೆ ಹೋಗುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಎಡಕ್ಕೆ ಕಾರ್ಮೆಲ್ ಬೆಟ್ಟ, ಗೋಡೆಯಂತೆ ಸಮುದ್ರದವರೆಗೆ ಚಾಚಿದೆ. ಬಲಕ್ಕೆ ಕೀಷೋನ್ ಹೊಳೆ ಮತ್ತು ಅದರ ಜೌಗು. ಅರಬರು ಅದನ್ನು ನಹ್ರ್ ಎಲ್ ಮುಕತ್ತಾ ಎನ್ನುತ್ತಾರೆ. ಬೆಟ್ಟಕ್ಕೂ ಹೊಳೆಗೂ ನಡುವೆ ಇರುವ ಕಿರಿದಾದ ಪಟ್ಟಿಯಲ್ಲೇ ರಸ್ತೆ, ರೈಲುಹಳಿ ಎರಡೂ ಊರೊಳಗೆ ಹೋಗುತ್ತವೆ. ಬೆಟ್ಟದ ಮೇಲೆ ತೋಪುಗಳು, ಬೆಟ್ಟದ ಬುಡದಲ್ಲಿಯೂ ಹೊಳೆಯ ಬದಿಯಲ್ಲಿಯೂ ಮೆಷಿನ್‌ಗನ್ನುಗಳು. ಕಾಲಾಳುಗಳಿಗೇ ಹೆದರಿಕೆ ಹುಟ್ಟಿಸುವ ಇಕ್ಕಟ್ಟು, ಕುದುರೆಗಂತೂ ಬೋನು. ಬೈಬಲನ್ನು ಬಲ್ಲವರಿಗೆ ಈ ಹೊಳೆ ಹೊಸದಲ್ಲ: ಸೀಸೆರನೆಂಬ ಸೇನಾಪತಿಯ ಪಡೆಯನ್ನು ಕೊಚ್ಚಿಕೊಂಡು ಹೋದದ್ದು ಇದೇ ಕೀಷೋನ್. ಅವನಲ್ಲಿ ಕಬ್ಬಿಣದ ರಥಗಳಿದ್ದವು, ಹೊಳೆ ಅದನ್ನು ಲೆಕ್ಕಿಸಲಿಲ್ಲ.

23ರ ಬೆಳಗಿನ ಜಾವ ಎಸ್ಡ್ರೆಲಾನ್ ಬಯಲಿನ ಅಫುಲೆಯಿಂದ ಹೊರಟ ಬ್ರಿಗೇಡು ಹತ್ತು ಗಂಟೆಯ ಹೊತ್ತಿಗೆ ಬಲದ್ ಎಷ್ ಷೇಖ್ ಎಂಬ ಹಳ್ಳಿಯ ಬಳಿ ಬಂದಾಗ ಬೆಟ್ಟದಿಂದ ಗುಂಡುಗಳು ಬೀಳತೊಡಗಿದವು. ಹೈದರಾಬಾದಿನವರು ಆ ದಿನ ಅಲ್ಲಿರಲಿಲ್ಲ. ಸೆರೆಯಾಳುಗಳನ್ನು ಕಾಯುವ ಕೆಲಸ ಅವರದಾಗಿತ್ತು. ಉಳಿದದ್ದು ಜೋಧಪುರ, ಮೈಸೂರು ಮತ್ತು ಜೊತೆಗೊಂದು ಬ್ರಿಟಿಷ್ ತೋಪಿನ ತುಕಡಿ. ಹಾರ್ಬರ್ಡ್ ಮಾಡಿದ ಏರ್ಪಾಟು ಹೀಗಿತ್ತು. ಮೈಸೂರಿನ ಒಂದು ತುಕಡಿ ಮೇಕೆಹಾದಿ ಹಿಡಿದು ಬೆಟ್ಟ ಹತ್ತಿ ನೆತ್ತಿಯ ಮೇಲಿನ ತೋಪುಗಳನ್ನು ಅಡಗಿಸಬೇಕು. ಇನ್ನಷ್ಟು ಮೈಸೂರಿನವರು ಬಲಕ್ಕೆ, ಹೊಳೆಯ ಆಚೆ, ಉತ್ತರದ ಅಕ್ರೆ ಪಟ್ಟಣಕ್ಕೆ ಹೋಗುವ ರಸ್ತೆಯ ಕಡೆಯಿಂದ ಮೆಷಿನ್‌ಗನ್ ಹೂಡಿ ಶತ್ರುವಿನ ಗಮನ ಸೆಳೆಯಬೇಕು. ಬ್ರಿಟಿಷ್ ತೋಪುಗಳು ಕೆಳಗಿನ ಠಾಣೆಗಳ ಮೇಲೆ ಹಾರಿಸಬೇಕು. ಮಧ್ಯಾಹ್ನ 2 ಗಂಟೆಗೆ ಸರಿಯಾಗಿ ಜೋಧಪುರದವರು ನಡುವಿನ ಬಯಲಿನಲ್ಲಿ ಕುದುರೆ ಬಿಡಬೇಕು. ಹೈಫಾವನ್ನು ಬರಿಯ ಕೆಚ್ಚಿನ ಓಟವೆಂದು ಹೇಳುವವರು ಈ ನಾಲ್ಕು ಗಂಟೆಗಳ ಏರ್ಪಾಟನ್ನು ನುಂಗಿಹಾಕುತ್ತಾರೆ. ಕೆಚ್ಚು ಇತ್ತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೆಚ್ಚೊಂದನ್ನೇ ನಂಬಿಕೊಂಡಿದ್ದರೆ ಆ ಬೋನಿನಿಂದ ಕುದುರೆಗಳು ಹೊರಬರುತ್ತಿರಲಿಲ್ಲ.

ಬೆಟ್ಟ ಹತ್ತಿದ ಮೈಸೂರಿನವರ ಸಂಖ್ಯೆ ಮೇಲೆ ಹೋದಂತೆ ಕರಗಿತು. ಕಡಿದಾದ ಹಾದಿಯಲ್ಲಿ ಕುದುರೆಗಳು ಕುಂಟಿದವು. ನಾಲ್ಕು ದಿನಗಳ ಓಟದ ದಣಿವು ಇಲ್ಲಿ ಲೆಕ್ಕ ಕೇಳಿತು. ಕೆಲವರನ್ನು ಹಾಚ್‌ಕಿಸ್ ಎಂಬ ಹಗುರ ಮೆಷಿನ್‌ಗನ್ನುಗಳನ್ನು ಹೂಡಿ ಮರೆ ಕೊಡಲೆಂದು ಇಳಿಸಬೇಕಾಯಿತು. ಅವರ ನೆರವಿಗೆಂದು ಶೆರ್ವುಡ್ ರೇಂಜರ್ಸ್ ಎಂಬ ಇಂಗ್ಲಿಷ್ ಪಡೆಯ ತುಕಡಿಯೊಂದನ್ನು ಕಳುಹಿಸಿದ್ದರು, ಆದರೆ ನಿಗದಿಯಾದ ಹೊತ್ತಿಗೆ ಅದು ಬಂದು ಸೇರಿರಲಿಲ್ಲ. ಎರಡು ಗಂಟೆಗೆ ನೆತ್ತಿಯ ಮೇಲೆ ಜೀನಿನಲ್ಲಿ ಉಳಿದವರು ಹದಿನೈದು ಮಂದಿ. ನೆರವಿಗೆ ಕಾಯಬಹುದಿತ್ತು, ಕಾದರೆ ಕೆಳಗಿನ ಬಯಲಿನಲ್ಲಿ ಜೋಧಪುರದವರ ಮೇಲೆ ಆ ತೋಪುಗಳು ಗುಂಡು ಸುರಿಸುತ್ತಿದ್ದವು. ಹದಿನೈದು ಮಂದಿಯೇ ನುಗ್ಗಿದರು. ಒಂದು ಆರಂಗುಲದ ನೌಕಾ ತೋಪು, ಎರಡು ಬೆಟ್ಟದ ತೋಪುಗಳು, 78 ಮಂದಿ ಸೆರೆಯಾಳುಗಳು ಅವರ ಕೈಗೆ ಬಂದವು. ಹೈಫಾದ ದಿನದಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸುವುದು ಈ ತುಣುಕು. ಮೈಸೂರು ಸೀಮೆಯ ಯಾವ ಯಾವ ಊರಿನ ಹುಡುಗರೋ, ಕಾರ್ಮೆಲ್ ಬೆಟ್ಟದ ಮೇಲೆ, ತಮಗಿಂತ ಐದು ಪಟ್ಟು ಜನರನ್ನು ಭರ್ಜಿಯ ತುದಿಯಲ್ಲಿ ಒಟ್ಟುಗೂಡಿಸಿ ನಿಲ್ಲಿಸಿಕೊಂಡ ಚಿತ್ರವನ್ನು ನೀವೇ ಊಹಿಸಿಕೊಳ್ಳಿ.

ಈಗ ಕೆಳಗಿನ ಬಯಲಿಗೆ ಬರೋಣ. ಜೋಧಪುರದವರು ತುಕಡಿಯ ಹಿಂದೆ ತುಕಡಿಯಾಗಿ, ಮೊದಲು ಜಗ್ಗೋಟದಲ್ಲಿ, ಅಕ್ರೆಯ ಕಡೆಗೆ ಹೋಗುವ ರೈಲುಹಳಿಯನ್ನು ದಾಟಿದ ಮೇಲೆ ನಾಗಾಲೋಟದಲ್ಲಿ ಮುಂದುವರಿದರು. ಎರಡೂ ಬದಿಯಿಂದ ಗುಂಡು ಬೀಳುತ್ತಿತ್ತು. ಹೊಳೆಯನ್ನು ದಾಟಿ, ಆಚೆಯ ಮೆಷಿನ್‌ಗನ್ನುಗಳನ್ನು ಹಿಡಿದು, ಊರಿನ ಕಡೆಗೆ ತಿರುಗಬೇಕೆಂಬುದು ಮೊದಲ ಯೋಚನೆಯಾಗಿತ್ತು. ಹೊಳೆ ಹೇಗಿದೆಯೆಂದು ನೋಡಲು ಮುಂದೆ ಹೋದ ಇಬ್ಬರು ಸವಾರರ ಕುದುರೆಗಳು ದಂಡೆಯ ಕೆಳಗೆ ಕಾಲಿಟ್ಟ ಕೂಡಲೇ ಉಸುಬಿನಲ್ಲಿ ಹೂತುಹೋದವು. ಸಾವಿರಾರು ವರ್ಷಗಳ ಹಿಂದೆ ರಥಗಳನ್ನು ನುಂಗಿದ ಹೊಳೆ ತನ್ನ ಗುಣ ಬಿಟ್ಟಿರಲಿಲ್ಲ.

ಆ ಗಳಿಗೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಹಿಂದೆ ನೂರಾರು ಕುದುರೆಗಳು ಪೂರ್ತಿ ವೇಗದಲ್ಲಿ ಬರುತ್ತಿವೆ, ಮುಂದೆ ದಾಟಲಾಗದ ಹೊಳೆ, ಎದುರು ದಡದಿಂದ ಮೆಷಿನ್‌ಗನ್ನು. ನಿಂತರೆ ದಂಡೆಯ ಮೇಲೆ ಗುಂಪಾಗಿ ಸಾಯಬೇಕು. ಹಿಂದಿರುಗಿದರೆ ಬಯಲಿನಲ್ಲಿ ಬೆನ್ನು ತೋರಿಸಿ ಸಾಯಬೇಕು. ಉಳಿದದ್ದು ಎಡ ಮಾತ್ರ: ಬೆಟ್ಟದ ಬುಡದ ಮೆಷಿನ್‌ಗನ್ನುಗಳ ಮೇಲೆಯೇ ನುಗ್ಗಿ, ಬೆಟ್ಟಕ್ಕೂ ಹೊಳೆಗೂ ನಡುವಿನ ಇಕ್ಕಟ್ಟನ್ನು ತೆರೆಯುವುದು. ಓಡುವ ಕುದುರೆಗಳ ಸಾಲನ್ನು ಒಮ್ಮೆಗೇ ಪಕ್ಕಕ್ಕೆ ತಿರುಗಿಸುವುದು ಕವಾಯತು ಮೈದಾನದಲ್ಲಿ ಕೂಡ ಸುಲಭದ ಕೆಲಸವಲ್ಲ. ಒಂದು ಕುದುರೆ ಮುಗ್ಗರಿಸಿದರೆ ಹತ್ತು ಕುದುರೆಗಳು ಅದರ ಮೇಲೆ ಬೀಳುತ್ತವೆ. ಅವರು ತಿರುಗಿದರು. ಹಾಗೆ ತಿರುಗುವ ಹೊತ್ತಿನಲ್ಲೇ, ಹೊಳೆಯ ದಂಡೆಯಲ್ಲಿ, ಮುಂದಿನ ಸಾಲಿನಲ್ಲಿದ್ದ ದಲಪತ್ ಸಿಂಗ್ ಅವರ ಬೆನ್ನುಹುರಿಗೆ ಗುಂಡು ತಗುಲಿತು.

ಮುಂದಿನದನ್ನು ಅವರು ನೋಡಲಿಲ್ಲ. ಕ್ಯಾಪ್ಟನ್ ಅಮಾನ್ ಸಿಂಗ್ ಬಹಾದೂರ್ ಮುಂದಾಳತ್ವ ವಹಿಸಿದರು. ಒಂದು ತುಕಡಿ ಬೆಟ್ಟದ ತಪ್ಪಲಿನ ಮೆಷಿನ್‌ಗನ್ನುಗಳ ಮೇಲೆ ಬಿದ್ದು ಅವುಗಳ ಬಾಯಿ ಮುಚ್ಚಿಸಿತು. ಉಳಿದವು ತೆರೆದ ಇಕ್ಕಟ್ಟಿನಲ್ಲಿ ಹಾದು ಊರಿನ ಬೀದಿಗಳಲ್ಲೇ ಕುದುರೆ ಓಡಿಸಿದವು. ಹಿಂದೆಯೇ ಮೈಸೂರಿನ ಉಳಿದ ತುಕಡಿಗಳು ಬಂದವು. ಸಂಜೆಯ ಮುಂಚೆ ಹೈಫಾ ಅವರದಾಗಿತ್ತು. ಎರಡು ಪಡೆಗಳು ಸೇರಿ ಹಿಡಿದ ಸೆರೆಯಾಳುಗಳು 1,350, ತೋಪುಗಳು 17. ತೀರಿಹೋದವರು 8 ಮಂದಿ, ಗಾಯಗೊಂಡವರು 34. ಕುದುರೆಗಳಲ್ಲಿ ಸತ್ತವು 60, ಗಾಯಗೊಂಡವು 83. ಈ ಅಂಕಿಗಳ ಬಗ್ಗೆ ಒಂದು ಮಾತು. ಹೈಫಾದಲ್ಲಿ ನೂರಾರು ಭಾರತೀಯರು ಸತ್ತರೆಂದು ಭಾಷಣಗಳಲ್ಲಿ, ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಲ್ಲಿ ಹೇಳುವುದುಂಟು. ಸತ್ತವರು ಕಡಿಮೆಯಿದ್ದರೆ ಶೌರ್ಯ ಕಡಿಮೆಯೆಂದು ಯಾರು ಹೇಳಿದರೋ ತಿಳಿಯದು. ವೇಗವಾಗಿ ಬರುವ ಚದುರಿದ ಕುದುರೆಗಳಿಗೆ ಗುರಿಯಿಡುವುದು ಕಷ್ಟ. ಗುಂಡು ತಾಗಿದ ಕುದುರೆ ಕೂಡ ಸವಾರನನ್ನು ಸಾಕಷ್ಟು ದೂರ ಹೊತ್ತು ತರುತ್ತದೆ. ರಾವುತರ ಪಾಲಿನ ಸಾವನ್ನು ಆ ದಿನ ಬಹುಮಟ್ಟಿಗೆ ಕುದುರೆಗಳು ತಮ್ಮ ಮೇಲೆ ಹಾಕಿಕೊಂಡವು.

ಆ ಎಂಟರಲ್ಲಿ ಒಬ್ಬರು ದಲಪತ್ ಸಿಂಗ್. ಏಟು ಬಿದ್ದ ಕೂಡಲೇ ಅವರು ಪ್ರಾಣ ಬಿಡಲಿಲ್ಲ. ಬಯಲಿನಿಂದ ಅವರನ್ನು ಎತ್ತಿ ತಂದರು, ಆಮೇಲೆ ತೀರಿಕೊಂಡರು. ಅಂಥ ಗಾಯಕ್ಕೆ ಆಗಿನ ವೈದ್ಯದಲ್ಲಿ ಮದ್ದಿರಲಿಲ್ಲ. ಕ್ಯಾಪ್ಟನ್ ಅನೋಪ್ ಸಿಂಗ್ ಮತ್ತು ಸೆಕೆಂಡ್ ಲೆಫ್ಟಿನೆಂಟ್ ಸಗತ್ ಸಿಂಗ್ ಅವರಿಗೆ ಹೈಫಾದ ಕೆಲಸಕ್ಕಾಗಿ ಮಿಲಿಟರಿ ಕ್ರಾಸ್ ಸಿಕ್ಕಿತು. ಅಮಾನ್ ಸಿಂಗ್ ಅವರಿಗೂ ದಫೇದಾರ್ ಜೋರ್ ಸಿಂಗ್ ಅವರಿಗೂ ಇಂಡಿಯನ್ ಆರ್ಡರ್ ಆಫ್ ಮೆರಿಟ್ ದೊರೆಯಿತು. ಈ ಹೆಸರುಗಳು ದಲಪತ್ ಸಿಂಗ್ ಅವರ ಹೆಸರಿನಷ್ಟು ಕೇಳಿಬರುವುದಿಲ್ಲ. ಸತ್ತವರ ಹೆಸರು ಬೇಗ ಕಥೆಯಾಗುತ್ತದೆ. ಬದುಕಿ ಊರಿಗೆ ಬಂದವರು ಪಿಂಚಣಿ ಪಡೆದು ಹೊಲ ನೋಡಿಕೊಂಡಿರುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ.

ಸ್ಮಾರಕಗಳ ವಿಚಾರಕ್ಕೆ ಬಂದರೆ, ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಕಂಚಿನ ಪ್ರತಿಮೆಗಳನ್ನು ನೀವು ನೋಡಿಯೇ ಇರುತ್ತೀರಿ. ತೀನ್ ಮೂರ್ತಿ ಎಂಬ ಹೆಸರು ಬಂದದ್ದು ಅವುಗಳಿಂದ. ಲೆನರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿಯ ಕೆಲಸ. ಜೋಧಪುರ, ಹೈದರಾಬಾದು, ಮೈಸೂರುಗಳಿಗೆ ಒಂದೊಂದು. ಪಕ್ಕದ ಬಂಗಲೆಯಲ್ಲಿ ನೆಹರೂ ಇದ್ದುದರಿಂದ ಆ ಹೆಸರು ಇಡೀ ದೇಶದ ಬಾಯಲ್ಲಿ ಓಡಾಡಿತು. ಮೂವರು ಯಾರೆಂದು ಕೇಳಿದವರು ಕಡಿಮೆ. 2018ರ ಜನವರಿಯಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಾಯಿತು. ಅದಕ್ಕೂ ಮೊದಲು, 2017ರ ಜುಲೈಯಲ್ಲಿ, ಪ್ರಧಾನಿ ನರೇಂದ್ರ ಮೋದಿ ಹೈಫಾದ ಭಾರತೀಯ ಸೈನಿಕರ ಸಮಾಧಿ ಸ್ಥಳಕ್ಕೆ ಹೋಗಿ ದಲಪತ್ ಸಿಂಗ್ ಅವರ ನೆನಪಿನ ಫಲಕವನ್ನು ಅನಾವರಣ ಮಾಡಿದರು. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ ಕಟ್ಟಿದ 61ನೆಯ ಕ್ಯಾವಲ್ರಿ ಈಗಲೂ ಸೆಪ್ಟೆಂಬರ್ 23ನ್ನು ಹೈಫಾ ದಿನವೆಂದು ಆಚರಿಸುತ್ತದೆ. ಮೈಸೂರು ಲ್ಯಾನ್ಸರ್ಸ್‌ನ ಹೊಳೆಯೂ ಅದರೊಳಗೆ ಹರಿದು ಸೇರಿದೆ.

ಸತ್ತವರನ್ನು ಹೈಫಾದಲ್ಲಿ ಬಿಟ್ಟು, ಮೂರು ದಿನಗಳಲ್ಲಿ ಡಿವಿಷನ್ ಮತ್ತೆ ಜೀನು ಬಿಗಿಯಿತು. ಅಕ್ಟೋಬರ್ 1ರಂದು ದಮಾಸ್ಕಸ್ ಬಿತ್ತು. ದಾರಿಯುದ್ದಕ್ಕೂ ಗುಂಡಿಗಿಂತ ಹೆಚ್ಚು ಜನರನ್ನು ಜ್ವರ ಮಲಗಿಸಿತು. ಜೋರ್ಡಾನ್ ಕಣಿವೆಯ ಮಲೇರಿಯಾ ರಕ್ತದಲ್ಲಿ ಅವರ ಜೊತೆಗೇ ಬಂದಿತ್ತು, ಅದರ ಹಿಂದೆಯೇ ಆ ವರ್ಷದ ಇನ್‌ಫ್ಲುಯೆಂಜಾ. ಅಕ್ಟೋಬರ್ 26ರಂದು, ಅಲೆಪ್ಪೊದ ಉತ್ತರಕ್ಕೆ ಹರಿತಾನ್ ಎಂಬ ಹಳ್ಳಿಯ ಬಳಿ, ಮೈಸೂರು ಮತ್ತು ಜೋಧಪುರದವರು ಮತ್ತೊಮ್ಮೆ ಒಟ್ಟಿಗೆ ಕುದುರೆ ಬಿಟ್ಟರು. ಎದುರಿನಲ್ಲಿದ್ದ ತುರ್ಕಿ ಪಡೆ ಅವರ ಅಂದಾಜಿಗಿಂತ ಬಹಳ ದೊಡ್ಡದಾಗಿತ್ತು, ಅದರ ಹಿಂದಿದ್ದ ಸೇನಾಪತಿ, ಮುಂದೆ ತುರ್ಕಿ ಗಣರಾಜ್ಯದ ಮೊದಲ ಅಧ್ಯಕ್ಷನಾದ ಮುಸ್ತಫಾ ಕೆಮಾಲ್. ಆ ದಿನ ಹೈಫಾಕ್ಕಿಂತ ಹೆಚ್ಚು ಮಂದಿ ಮಡಿದರು; ಜೋಧಪುರದವರೊಂದಿಗೆ ವರ್ಷಗಳಿಂದ ಇದ್ದ ಲೆಫ್ಟಿನೆಂಟ್ ಕರ್ನಲ್ ಹೋಲ್ಡನ್ ಕೂಡ. ಜೆ.ಸಿ. ನಗರದ ಕಲ್ಲಿನ ಮುಂದೆ ನಿಂತಾಗ ಹೈಫಾವನ್ನು ಮಾತ್ರ ನೆನೆದು ಬರುವವರಿಗೆ ನಾನು ಹರಿತಾನಿನ ಹೆಸರನ್ನೂ ಹೇಳಿಕೊಡುತ್ತೇನೆ.

ತುರ್ಕಿಯೊಂದಿಗಿನ ಕದನವಿರಾಮ ಜಾರಿಗೆ ಬಂದದ್ದು ಅಕ್ಟೋಬರ್ 31ರ ಮಧ್ಯಾಹ್ನ. ಕೀಷೋನ್ ಹೊಳೆಯ ದಂಡೆಯ ಆ ಮಧ್ಯಾಹ್ನದಿಂದ 38 ದಿನಗಳು, ಹರಿತಾನಿನಿಂದ ಐದು.